ಚಿತ್ರಕಥೆಯಲ್ಲಿ ಬಣ್ಣ

‘ಅಮರ ಚಿತ್ರಕಥೆ’ ನೀವೆಲ್ಲ ಓದಿರಬಹುದು. ಅದರ ಸಂಪಾದಕರಾಗಿದ್ದ ಅನಂತ ಪೈ ಅವರು 1929ರಲ್ಲಿ ನಮ್ಮ ಕರಾವಳಿಯ ಕಾರ್ಕಳದಲ್ಲಿ ಹುಟ್ಟಿದವರು.

ಬಣ್ಣದ ಪುಸ್ತಕ ಅಚ್ಚು ಮಾಡಲು ನಾಲ್ಕೇ ಶಾಯಿ ಸಾಕು: ನೀಲಿ, ಗಾಢ ಗುಲಾಬಿ, ಹಳದಿ, ಕಪ್ಪು. ನೀಲಿ, ಹಳದಿ ಸೇರಿದರೆ ಹಸಿರು. ರಾತ್ರಿಯನ್ನು ಪೂರ್ತಿ ಕಪ್ಪು ಮಾಡಿದರೆ ಚಿತ್ರದ ಗೆರೆಗಳೇ ಕಾಣುವುದಿಲ್ಲ. ಅದಕ್ಕೇ ಕಲಾವಿದರು ನೀಲಿ ಹಚ್ಚುತ್ತಾರೆ.

ಯಕ್ಷಗಾನದಲ್ಲಿ ಬಣ್ಣದ ವೇಷ ಬಂದ ಕೂಡಲೇ ರಾಕ್ಷಸ ಅಂತ ಗೊತ್ತಾಗ್ತದೆ. ಚಿತ್ರಕಥೆಯಲ್ಲೂ ಹಾಗೆಯೇ. ರಾಮ, ಕೃಷ್ಣರಿಗೆ ನೀಲಿ. ರಾಕ್ಷಸರಿಗೆ ಹೆಚ್ಚಾಗಿ ಕಪ್ಪು ಮೈ. ಇದು ಮಾತ್ರ ನನಗೆ ಸರಿ ಕಾಣುವುದಿಲ್ಲ. ‘ಕೃಷ್ಣ’ ಎಂದರೇ ಕಪ್ಪು ಎಂದು ಅರ್ಥ. ವೇಷದ ಬಣ್ಣ ಬೆಳಿಗ್ಗೆ ತೊಳೆದರೆ ಹೋಗ್ತದೆ, ನಮ್ಮ ಮೈಬಣ್ಣ ಹೋಗ್ತದಾ?

ಮುಂದಿನ ಸಂಚಿಕೆಗೆ ಚಿತ್ರಕಥೆ ಬಿಡಿಸುವವರು ಕೆಟ್ಟವನಿಗೆ ಕೆಂಪು ಕಣ್ಣು, ದೊಡ್ಡ ಮೀಸೆ ಕೊಡಿ. ಅಷ್ಟು ಸಾಕು.

– 7ನೇ ತರಗತಿ, ಸುರತ್ಕಲ್