ವ್ಯಾಯಾಮದ ಉಡುಪು ಮತ್ತು ಸಾರ್ವಜನಿಕ ಸ್ಥಳ: ಗರಡಿಯಿಂದ ಉದ್ಯಾನದವರೆಗೆ

ಉಡುಪು ಕೇವಲ ದೇಹರಕ್ಷಣೆಯ ಸಾಧನವಲ್ಲ. ಅದು ಧರಿಸಿದವರ ಅಂತಸ್ತು, ವೃತ್ತಿ, ವಯಸ್ಸು, ಸಂದರ್ಭ ಇವೆಲ್ಲವನ್ನೂ ನೋಡುವವರಿಗೆ ತಿಳಿಸುವ ಒಂದು ಸಾಮಾಜಿಕ ಭಾಷೆ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ನಮ್ಮ ಗಾದೆಯಲ್ಲಿ ಈ ತಿಳಿವಳಿಕೆ ಅಡಕವಾಗಿದೆ. ಉಣ್ಣುವುದು ಉಣ್ಣುವವರ ಇಷ್ಟಕ್ಕೆ ಬಿಟ್ಟದ್ದು. ನಾಲ್ವರ ಮುಂದೆ ಕಾಣಿಸಿಕೊಳ್ಳುವ ಬಗೆಯಾದರೋ ನಾಲ್ವರ ಒಪ್ಪಿಗೆಯನ್ನು ಬೇಡುತ್ತದೆ. ಆದರೆ ಈ ‘ಪರರು’ ಯಾರು, ಅವರ ಒಪ್ಪಿಗೆಯ ವ್ಯಾಪ್ತಿ ಎಷ್ಟು ಎಂಬ ಪ್ರಶ್ನೆಗೆ ಗಾದೆ ಉತ್ತರ ಹೇಳುವುದಿಲ್ಲ. ಮೈಗೆ ಅಂಟಿಕೊಳ್ಳುವ, ಮೈಯ ಹಲವು ಭಾಗಗಳನ್ನು ತೆರೆದಿಡುವ ವ್ಯಾಯಾಮದ ಉಡುಪುಗಳು ಉದ್ಯಾನ, ರಸ್ತೆ, ಅಂಗಡಿ, ವಿಮಾನ ನಿಲ್ದಾಣಗಳಲ್ಲಿ ಕಾಣತೊಡಗಿದ ಮೇಲೆ ಈ ಪ್ರಶ್ನೆ ಮತ್ತೆ ಎದ್ದಿದೆ. ಈ ಉಡುಪಿನ ಹಿನ್ನೆಲೆಯನ್ನೂ ಅದರ ಸುತ್ತಣ ವಿವಾದದ ಸ್ವರೂಪವನ್ನೂ ಕರ್ನಾಟಕದ ಸಂದರ್ಭದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಗರಡಿಯ ಹೊಸ್ತಿಲು

ವ್ಯಾಯಾಮಕ್ಕಾಗಿ ಬಹುಪಾಲು ಬರಿಮೈಯಲ್ಲಿರುವುದು ನಮ್ಮ ನಾಡಿಗೆ ಹೊಸದಲ್ಲ. ಗರಡಿಮನೆಯ ಪೈಲ್ವಾನರ ಉಡುಪೆಂದರೆ ಲಂಗೋಟಿ ಅಥವಾ ಬಿಗಿಯಾದ ಚಡ್ಡಿ ಮಾತ್ರ. ದಂಡೆ, ಬಸ್ಕಿ, ಗದೆ ತಿರುಗಿಸುವುದು, ಮಟ್ಟಿಯ ಮೇಲಿನ ಪಟ್ಟು ಇವೆಲ್ಲಕ್ಕೂ ಸಡಿಲವಾದ ಬಟ್ಟೆ ತೊಡಕು. ಎದುರಾಳಿಯ ಕೈಗೆ ಸಿಗುವಂಥ ಸೆರಗು, ಅಂಚು, ಗಂಟುಗಳು ಕುಸ್ತಿಯಲ್ಲಿ ಅಪಾಯಕಾರಿ. ಹೀಗಾಗಿ ಉಡುಪು ಕಿರಿದಾದದ್ದು ಪ್ರದರ್ಶನದ ಹಂಬಲದಿಂದಲ್ಲ, ಕಾರ್ಯದ ಅಗತ್ಯದಿಂದ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಕೃತಿಯಲ್ಲಿ ರಾಜನ ಉಡುಗೆಯನ್ನು ‘ವಸ್ತ್ರೋಪಭೋಗ’ದಲ್ಲಿಯೂ ಕುಸ್ತಿಯನ್ನು ‘ಮಲ್ಲವಿನೋದ’ದಲ್ಲಿಯೂ ನಿರೂಪಿಸಲಾಗಿದೆ. ಒಂದು ಭೋಗದ ವಿಷಯ, ಇನ್ನೊಂದು ವಿನೋದದ ವಿಷಯ. ಎರಡೂ ಬೇರೆ ಬೇರೆ ವಲಯಗಳಿಗೆ ಸೇರಿದವು. ಈ ವಿಂಗಡಣೆ ಗರಡಿಯ ರೂಢಿಯಲ್ಲಿಯೂ ಉಳಿದುಬಂದಿದೆ. ಹಳೆಯ ಗರಡಿಗಳ ಬಾಗಿಲು ತಗ್ಗು, ಬೆಳಕಿಂಡಿ ಚಿಕ್ಕದು. ಒಳಗೆ ಬರುವವರು ಹೊರಗಿನ ಬಟ್ಟೆಯನ್ನು ಕಳಚಿಟ್ಟು, ದೇವರ ಪಟಕ್ಕೆ ಕೈಮುಗಿದು, ಮಟ್ಟಿಯ ಮಣ್ಣನ್ನು ಹಣೆಗೆ ಮುಟ್ಟಿಸಿಕೊಂಡು ಸಾಮಿಗೆ ಇಳಿಯುತ್ತಾರೆ. ಹೊರಡುವಾಗ ಮೈ ತೊಳೆದು ಮತ್ತೆ ಹೊರಗಿನ ಬಟ್ಟೆ ಧರಿಸುತ್ತಾರೆ. ಹೊಸ್ತಿಲಿನ ಒಳಗೆ ಸಹಜವಾದ ಉಡುಪು ಹೊಸ್ತಿಲಿನ ಹೊರಗೆ ಸಹಜವಲ್ಲ ಎಂಬುದು ಯಾರೂ ಬರೆದಿಡದ ನಿಯಮ.

ಕುಸ್ತಿಯ ಕಣದಲ್ಲಿ ಇದೇ ಉಡುಪು ಸಾವಿರಾರು ಜನರ ಮುಂದೆ ಬರುತ್ತದೆ. ಮೈಸೂರು ದಸರೆಯ ಕುಸ್ತಿ ಪಂದ್ಯಗಳಲ್ಲಿಯೂ ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗದಲ್ಲಿಯೂ ಬರಿಮೈಯ ದೇಹ ಎಲ್ಲರ ಕಣ್ಣೆದುರಿಗಿರುತ್ತದೆ. ಅಲ್ಲಿ ಅದನ್ನು ಅಸಭ್ಯವೆಂದವರಿಲ್ಲ. ಕಣದ ಗೆರೆಯೇ ಅಲ್ಲಿ ಹೊಸ್ತಿಲಿನ ಕೆಲಸ ಮಾಡುತ್ತದೆ. ಶ್ರವಣಬೆಳಗೊಳದ 58 ಅಡಿ ಎತ್ತರದ ಗೊಮ್ಮಟ ಮೂರ್ತಿ 10ನೆಯ ಶತಮಾನದಿಂದ ಬಯಲಿನಲ್ಲಿ ದಿಗಂಬರವಾಗಿ ನಿಂತಿದ್ದರೂ ನೋಡುವವರ ಮನಸ್ಸಿನಲ್ಲಿ ಮೂಡುವುದು ತ್ಯಾಗದ ಭಾವ. ದೇಹ ಎಷ್ಟು ತೆರೆದಿದೆ ಎಂಬುದಕ್ಕಿಂತ ಯಾವ ಚೌಕಟ್ಟಿನಲ್ಲಿ ತೆರೆದಿದೆ ಎಂಬುದೇ ಅರ್ಥವನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಇವು ನಿದರ್ಶನಗಳು.

ಆದರೆ ಗರಡಿಯ ಹೊಸ್ತಿಲು ಪುರುಷರಿಗಾಗಿ ಇದ್ದದ್ದು. ಸಾಂಪ್ರದಾಯಿಕ ಗರಡಿಗಳಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಆದ್ದರಿಂದ ಸ್ತ್ರೀಯರ ವ್ಯಾಯಾಮಕ್ಕೆ ತಕ್ಕ ಉಡುಪಿನ ಪರಂಪರೆಯಾಗಲಿ, ಅದಕ್ಕೊಂದು ಒಪ್ಪಿತ ಚೌಕಟ್ಟಾಗಲಿ ಗರಡಿಯಲ್ಲಿ ರೂಪುಗೊಳ್ಳಲಿಲ್ಲ. ಮುಂದಿನ ವಿವಾದಗಳನ್ನು ಅರಿಯಲು ಈ ಅಂಶ ಮುಖ್ಯವಾದುದು.

2. ಛಾಯಾಚಿತ್ರದಲ್ಲಿ ದೇಹ

20ನೆಯ ಶತಮಾನದ ಮೊದಲರ್ಧದಲ್ಲಿ ವ್ಯಾಯಾಮದ ದೇಹ ಗರಡಿಯಿಂದ ಹೊರಬಂದು ಮುದ್ರಿತ ಪುಟವನ್ನು ಸೇರಿತು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಕನ್ನಡಿಗರಿಗೆ ಚಿರಪರಿಚಿತರಾದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ‘ಮಸಲ್ ಕಲ್ಟ್’ (1930), ‘ಪರ್ಫೆಕ್ಟ್ ಫಿಸೀಕ್’ (1936) ಎಂಬ ಇಂಗ್ಲಿಷ್ ಗ್ರಂಥಗಳನ್ನು ಬರೆದವರು. ಕೌಪೀನಮಾತ್ರದ ಉಡುಪಿನಲ್ಲಿ ತೆಗೆಸಿದ ಅವರ ಅಂಗಸೌಷ್ಠವದ ಚಿತ್ರಗಳು ವಿದೇಶಿ ಪತ್ರಿಕೆಗಳಲ್ಲಿಯೂ ಪ್ರಕಟವಾದವು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಯೋಗಶಾಲೆ ಆರಂಭಿಸಿದ ತಿರುಮಲೈ ಕೃಷ್ಣಮಾಚಾರ್ಯರು, ಅವರಲ್ಲಿ ಕಲಿತ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ ಇವರ ಆಸನಗಳ ಚಿತ್ರಗಳೂ ಇದೇ ಬಗೆಯವು. 1966ರಲ್ಲಿ ಪ್ರಕಟವಾದ ಅಯ್ಯಂಗಾರರ ‘ಲೈಟ್ ಆನ್ ಯೋಗ’ದಲ್ಲಿ ಕಿರುಚಡ್ಡಿಯ ನೂರಾರು ಚಿತ್ರಗಳಿವೆ.

ಈ ಚಿತ್ರಗಳನ್ನು ಓದುಗರು ಸಾಧನೆಯ ದಾಖಲೆಗಳೆಂದು ಸ್ವೀಕರಿಸಿದರು. ಸ್ನಾಯುಗಳ ಚಲನೆ, ಬೆನ್ನೆಲುಬಿನ ಬಾಗು, ಉಸಿರಿನ ಏರಿಳಿತ ಕಾಣಬೇಕಾದರೆ ಮೈ ಕಾಣಲೇಬೇಕು ಎಂಬ ತರ್ಕ ಎಲ್ಲರಿಗೂ ಒಪ್ಪಿಗೆಯಾಗಿತ್ತು. ಮುಂದೆ ಮೈಸೂರಿಗೆ ಯೋಗ ಕಲಿಯಲು ವಿದೇಶಿ ಸ್ತ್ರೀಪುರುಷರು ಬರತೊಡಗಿದಾಗ ಲಕ್ಷ್ಮೀಪುರ, ಗೋಕುಲಂ ಬಡಾವಣೆಗಳ ಬೀದಿಗಳಲ್ಲಿ ಬಿಗಿ ಉಡುಪು ಕಾಣತೊಡಗಿತು. ಶಾಲೆಯಿಂದ ಹೊರಹೋಗುವಾಗ ಮೇಲುಡುಪು ಧರಿಸಬೇಕೆಂದು ಕಲಿಯುವವರಿಗೆ ತಿಳಿಹೇಳುವ ರೂಢಿ ಬೆಳೆದದ್ದು ಗರಡಿಯ ಹೊಸ್ತಿಲಿನ ನಿಯಮದ ಮುಂದುವರಿಕೆಯಂತೆಯೇ ತೋರುತ್ತದೆ.

3. ಹೊಸ ಬಟ್ಟೆಯ ಗುಣ

ಇಂದಿನ ವ್ಯಾಯಾಮದ ಉಡುಪಿನ ಹಿಂದೆ ರಸಾಯನಶಾಸ್ತ್ರದ ಒಂದು ಶೋಧವಿದೆ. ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಜೋಸೆಫ್ ಶಿವರ್ಸ್ 1958ರಲ್ಲಿ ಸ್ಪ್ಯಾಂಡೆಕ್ಸ್ ಎಂಬ ಕೃತಕ ಎಳೆಯನ್ನು ಸಿದ್ಧಪಡಿಸಿದನು. ಅದು ಲೈಕ್ರಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ತನ್ನ ಉದ್ದದ ಹಲವು ಪಟ್ಟು ಹಿಗ್ಗಿ ಮತ್ತೆ ಮೊದಲಿನ ಅಳತೆಗೆ ಮರಳುವುದು ಇದರ ವಿಶೇಷ. ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆಗಳೊಡನೆ ಇದನ್ನು ಸ್ವಲ್ಪ ಪ್ರಮಾಣದಲ್ಲಿ ಹೆಣೆದರೆ ದೇಹದೊಡನೆ ಬಾಗುವ, ಏಳುವ, ಕೂರುವ ಬಟ್ಟೆ ದೊರೆಯುತ್ತದೆ. ಹತ್ತಿಯ ಬಟ್ಟೆ ಬೆವರನ್ನು ಹೀರಿ ಭಾರವಾಗುತ್ತದೆ, ತೊಡೆಸಂದು ಕಂಕುಳುಗಳಲ್ಲಿ ಚರ್ಮವನ್ನು ಉಜ್ಜುತ್ತದೆ. ಕೃತಕ ಎಳೆಯ ತೆಳುಹೆಣಿಗೆ ಬೆವರನ್ನು ಹೊರಮೈಗೆ ಸಾಗಿಸಿ ಬೇಗನೆ ಆರಿಸುತ್ತದೆ. ಬಿಗಿತ ಇಲ್ಲಿ ಅಲಂಕಾರವಲ್ಲ. ಮೈಗೆ ಅಂಟದಿದ್ದರೆ ಬಟ್ಟೆ ಈ ಕೆಲಸವನ್ನು ಸರಿಯಾಗಿ ಮಾಡಲಾರದು.

ಸ್ತ್ರೀಯರ ಸ್ಪೋರ್ಟ್ಸ್ ಬ್ರಾ ಇನ್ನೂ ಈಚಿನದು. ಸ್ತನಗಳಿಗೆ ತಮ್ಮದೇ ಸ್ನಾಯುಗಳ ಆಧಾರವಿಲ್ಲ. ಚರ್ಮ ಮತ್ತು ತೆಳುವಾದ ತಂತುಗಳೇ ಅವನ್ನು ಹಿಡಿದಿಡುತ್ತವೆ. ಆದಕಾರಣ ಓಡುವಾಗ, ನೆಗೆಯುವಾಗ ನೋವಾಗುವುದು ಸಾಮಾನ್ಯ. 1977ರಲ್ಲಿ ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಎಂಬ ಮೂವರು ಮಹಿಳೆಯರು ಪುರುಷ ಕ್ರೀಡಾಪಟುಗಳು ಧರಿಸುವ ಲಂಗೋಟಿಯಂಥ ಎರಡು ಒಳ ಉಡುಪುಗಳನ್ನು ಜೋಡಿಸಿ ಹೊಲಿದು ಇದರ ಮೊದಲ ಮಾದರಿಯನ್ನು ತಯಾರಿಸಿದರು. ಪುರುಷನಿಗೆ ಲಂಗೋಟಿ ನೀಡುತ್ತಿದ್ದ ಆಧಾರವನ್ನೇ ಸ್ತ್ರೀಗೂ ಒದಗಿಸುವುದು ಇಲ್ಲಿಯ ಆಶಯ. ಒಳ ಉಡುಪಾಗಿ ಹುಟ್ಟಿದ ಇದು ಕ್ರಮೇಣ ಹೊರ ಉಡುಪಾಯಿತು. 1999ರ ಜುಲೈ 10ರಂದು ಮಹಿಳೆಯರ ವಿಶ್ವಕಪ್ ಫುಟ್‌ಬಾಲ್ ಫೈನಲ್ಲಿನಲ್ಲಿ ಗೆಲುವಿನ ಗೋಲು ಹೊಡೆದ ಅಮೆರಿಕದ ಬ್ರ್ಯಾಂಡಿ ಚಾಸ್ಟೆನ್ ಅಂಗಿ ಕಳಚಿ ಸಂಭ್ರಮಿಸಿದ ಚಿತ್ರವನ್ನು ಜಗತ್ತೇ ನೋಡಿತು. ಅದರ ಬಗ್ಗೆ ಮೆಚ್ಚುಗೆಯೂ ಟೀಕೆಯೂ ಕೇಳಿಬಂದವು.

ಇಂಥ ಉಡುಪುಗಳ ತಯಾರಿಕೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಬೆಂಗಳೂರಿನ ಉಡುಪು ಕಾರ್ಖಾನೆಗಳು ವಿದೇಶಿ ಕಂಪನಿಗಳಿಗಾಗಿ ಕ್ರೀಡಾ ಉಡುಪುಗಳನ್ನೂ ಹೊಲಿದು ಕಳಿಸುತ್ತವೆ; ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು.

4. ಹೊಸ್ತಿಲಿಲ್ಲದ ಉದ್ಯಾನ

ನಗರಗಳು ಬೆಳೆದಂತೆ ವ್ಯಾಯಾಮದ ಸ್ಥಳವೂ ಬದಲಾಯಿತು. ಕಬ್ಬನ್ ಉದ್ಯಾನ, ಲಾಲ್‌ಬಾಗ್, ಕುಕ್ಕರಹಳ್ಳಿ ಕೆರೆಯ ಏರಿ ಇಂಥ ಕಡೆಗಳಲ್ಲಿ ಬೆಳಗಿನ ನಡಿಗೆ ನಗರಜೀವನದ ಭಾಗವಾಯಿತು. ಇಲ್ಲಿ ಸೀರೆಯ ಮೇಲೆ ಸ್ವೆಟರ್ ಹಾಕಿ, ಕಾಲಿಗೆ ಕ್ಯಾನ್ವಾಸ್ ಬೂಟು ತೊಟ್ಟು ನಡೆಯುವ ಹಿರಿಯ ಮಹಿಳೆಯರನ್ನು ಕಾಣಬಹುದು; ಚೂಡಿದಾರದಲ್ಲಿ ಓಡುವವರನ್ನೂ, ಬಿಗಿ ಉಡುಪಿನ ತರುಣಿಯರನ್ನೂ, ಬನಿಯನ್ ಕಳಚಿ ದಂಡೆ ಹೊಡೆಯುವ ಗಂಡಸರನ್ನೂ ಕಾಣಬಹುದು. ಉದ್ಯಾನ ಒಂದೇ ಕಾಲಕ್ಕೆ ಗರಡಿಯೂ ಹೌದು, ಬೀದಿಯೂ ಹೌದು, ಮಕ್ಕಳ ಆಟದ ಬಯಲೂ ಹೌದು. ಇಲ್ಲಿ ಬಟ್ಟೆ ಬದಲಿಸುವ ಕೋಣೆಯಿಲ್ಲ, ತಗ್ಗು ಬಾಗಿಲಿಲ್ಲ. ಒಬ್ಬರ ಸಾಮಿನ ಸ್ಥಳ ಇನ್ನೊಬ್ಬರ ವಿಹಾರದ ಸ್ಥಳ. ವಿವಾದದ ಬೀಜ ಇರುವುದು ಇಲ್ಲಿಯೇ.

2020ರ ಸೆಪ್ಟೆಂಬರ್ 4ರಂದು ಬೆಂಗಳೂರಿನ ಅಗರ ಕೆರೆಯ ಬಳಿಯ ಉದ್ಯಾನದಲ್ಲಿ ನಡೆದ ಪ್ರಸಂಗ ಇದಕ್ಕೆ ಸ್ಪಷ್ಟ ನಿದರ್ಶನ. ಕೊರೊನಾ ಕಾರಣದಿಂದ ಮಾರ್ಚಿನಿಂದ ಮುಚ್ಚಿದ್ದ ಜಿಮ್‌ಗಳನ್ನು ತೆರೆಯಲು ಆಗಸ್ಟ್ 5ರಿಂದಷ್ಟೇ ಅನುಮತಿ ದೊರೆತಿತ್ತು. ಹಲವರು ಬಯಲಿನಲ್ಲಿಯೇ ವ್ಯಾಯಾಮ ಮಾಡುತ್ತಿದ್ದ ಕಾಲವದು. ‘ಕಿರಿಕ್ ಪಾರ್ಟಿ’ (2016) ಚಿತ್ರದ ನಟಿ ಸಂಯುಕ್ತಾ ಹೆಗ್ಡೆ ಸ್ನೇಹಿತೆಯರೊಡನೆ ಸ್ಪೋರ್ಟ್ಸ್ ಬ್ರಾ ಧರಿಸಿ ಹೂಲಾ ಹೂಪ್ ಬಳೆ ತಿರುಗಿಸುತ್ತಿದ್ದಾಗ ರಾಜಕೀಯ ಪಕ್ಷವೊಂದರ ಕಾರ್ಯಕರ್ತೆಯೊಬ್ಬರು ಉಡುಪಿನ ಬಗ್ಗೆ ಆಕ್ಷೇಪವೆತ್ತಿದರು. ಮಾತಿಗೆ ಮಾತು ಬೆಳೆದು ಜನ ಸೇರಿದರು, ಪೊಲೀಸರು ಬಂದರು. ದೃಶ್ಯದ ತುಣುಕುಗಳು ಜಾಲತಾಣಗಳಲ್ಲಿ ಹರಡಿದ ಬಳಿಕ ಆಕ್ಷೇಪಿಸಿದವರು ಬಹಿರಂಗವಾಗಿ ಕ್ಷಮೆ ಕೋರಿದರು. ನಟಿ ಅದನ್ನು ಒಪ್ಪಿಕೊಂಡರು. ಆಕ್ಷೇಪಿಸಿದವರೂ ಸ್ತ್ರೀಯೇ ಎಂಬುದು ಗಮನಾರ್ಹ. ಇದನ್ನು ಸ್ತ್ರೀಪುರುಷರ ನಡುವಣ ಜಗಳವೆಂದಷ್ಟೇ ವಿವರಿಸಿದರೆ ಸಾಲದು. ಒಂದೇ ಸ್ಥಳದ ಬಗ್ಗೆ ಇರುವ ಎರಡು ಕಲ್ಪನೆಗಳ ಘರ್ಷಣೆಯೆಂದು ತಿಳಿಯುವುದು ಹೆಚ್ಚು ಸಮಂಜಸ.

ಇಂಥ ಘರ್ಷಣೆ ನಮ್ಮಲ್ಲಿ ಮಾತ್ರ ಕಾಣುವಂಥದಲ್ಲ. 2017ರ ಮಾರ್ಚ್‌ನಲ್ಲಿ ಅಮೆರಿಕದ ಡೆನ್ವರ್ ವಿಮಾನ ನಿಲ್ದಾಣದಲ್ಲಿ ಲೆಗ್ಗಿಂಗ್ಸ್ ಧರಿಸಿದ್ದ ಇಬ್ಬರು ಹುಡುಗಿಯರನ್ನು ಯುನೈಟೆಡ್ ಏರ್‌ಲೈನ್ಸ್ ಸಿಬ್ಬಂದಿ ವಿಮಾನಕ್ಕೆ ಹತ್ತಿಸಲಿಲ್ಲ. ಅವರು ನೌಕರರ ಕುಟುಂಬಕ್ಕೆ ಮೀಸಲಾದ ಪಾಸಿನಲ್ಲಿ ಪ್ರಯಾಣಿಸುತ್ತಿದ್ದರು, ಅದಕ್ಕೆ ಉಡುಪಿನ ನಿಯಮವಿದೆ ಎಂದು ಕಂಪನಿ ಸಮಜಾಯಿಷಿ ನೀಡಿತು. ಸ್ಪ್ಯಾಂಡೆಕ್ಸ್ ಹುಟ್ಟಿದ ದೇಶದಲ್ಲಿಯೂ ವ್ಯಾಯಾಮದ ಉಡುಪು ಎಲ್ಲಿಯವರೆಗೆ ಬರಬಹುದೆಂಬ ಗೆರೆ ಇನ್ನೂ ಖಚಿತವಾಗಿಲ್ಲ ಎಂದಾಯಿತು.

5. ಕಾನೂನಿನ ನಿಲುವು

ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ಅಶ್ಲೀಲ ಕೃತ್ಯವೆಸಗುವುದು ಭಾರತೀಯ ದಂಡ ಸಂಹಿತೆಯ 294ನೆಯ ಕಲಮಿನಂತೆ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 296ನೆಯ ಕಲಮಾಗಿದೆ. ಕೃತ್ಯ ಅಶ್ಲೀಲವಾಗಿರಬೇಕು, ಅದರಿಂದ ಕಿರಿಕಿರಿಯೂ ಉಂಟಾಗಿರಬೇಕು. ಇವೆರಡರಲ್ಲಿ ಒಂದಷ್ಟೇ ಇದ್ದರೆ ಸಾಲದು. ಬಟ್ಟೆ ಎಷ್ಟು ಉದ್ದವಿರಬೇಕು, ಎಷ್ಟು ಸಡಿಲವಿರಬೇಕು ಎಂಬ ಅಳತೆಯನ್ನು ಕಲಮು ಹೇಳುವುದಿಲ್ಲ. 2014ರಲ್ಲಿ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಮುದ್ರಿತ ಛಾಯಾಚಿತ್ರವೊಂದನ್ನು ಕುರಿತು ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು ನಗ್ನತೆ ತನ್ನಷ್ಟಕ್ಕೇ ಅಶ್ಲೀಲವಲ್ಲವೆಂದೂ ಸಮಕಾಲೀನ ಸಮಾಜದ ಮಾನದಂಡದಿಂದ ಅದನ್ನು ಅಳೆಯಬೇಕೆಂದೂ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಬಾಂಬೆ ಉಚ್ಚ ನ್ಯಾಯಾಲಯದ ನಾಗಪುರ ಪೀಠವು ಗಿಡ್ಡ ಉಡುಪು ಧರಿಸಿ ನರ್ತಿಸಿದ ಮಾತ್ರಕ್ಕೆ 294ನೆಯ ಕಲಮು ಅನ್ವಯಿಸದೆಂದು ತೀರ್ಮಾನಿಸಿತು. ಇನ್ನೊಂದೆಡೆ, ಸ್ತ್ರೀಯ ಮಾನಕ್ಕೆ ಕುಂದು ತರುವ ಉದ್ದೇಶದ ಮಾತು, ಸನ್ನೆಗಳು ಹಿಂದೆ 509ನೆಯ ಕಲಮಿನಂತೆ, ಈಗ ನ್ಯಾಯ ಸಂಹಿತೆಯ 79ನೆಯ ಕಲಮಿನಂತೆ ಶಿಕ್ಷಾರ್ಹ. ಅಂದರೆ ನೋಡುವವರ ಅಸಮಾಧಾನವೊಂದನ್ನೇ ಕಾನೂನು ಅಪರಾಧದ ಪುರಾವೆಯೆಂದು ಎಣಿಸುವುದಿಲ್ಲ. ಅದೇ ಸಮಯದಲ್ಲಿ ನೋಡುವವರ ವರ್ತನೆಗೂ ಒಂದು ಮಿತಿಯನ್ನು ಹಾಕುತ್ತದೆ.

6. ಉಪಸಂಹಾರ

ಆಕ್ಷೇಪಿಸುವವರ ವಾದದಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ಉದ್ಯಾನ ಎಲ್ಲರದು, ಅಲ್ಲಿಗೆ ಬರುವ ವೃದ್ಧರಿಗೂ ಮಕ್ಕಳಿಗೂ ಅದರಲ್ಲಿ ಪಾಲಿದೆ. ಹಂಚಿಕೊಂಡ ಸ್ಥಳದಲ್ಲಿ ಒಬ್ಬರು ಇನ್ನೊಬ್ಬರ ಮನಸ್ಸನ್ನು ಗಣಿಸಬೇಕೆಂಬ ನಿರೀಕ್ಷೆ ಸಹಜವಾದುದೇ. ಆದರೆ ಈ ನಿರೀಕ್ಷೆಯ ಭಾರ ಸಮನಾಗಿ ಹಂಚಿಕೆಯಾಗಿಲ್ಲ. ಅದೇ ಹುಲ್ಲಿನ ಮೇಲೆ ಬರಿಮೈಯಲ್ಲಿ ದಂಡೆ ಹೊಡೆಯುವ ಗಂಡಸನ್ನು ಯಾರೂ ತಡೆದು ಕೇಳುವುದಿಲ್ಲ. ಅವನ ಬೆನ್ನಿಗೆ ಗರಡಿಯ ಶತಮಾನಗಳ ಒಪ್ಪಿಗೆಯಿದೆ. ಸ್ತ್ರೀಗೆ ಅಂಥ ಗರಡಿ ಇರಲೇ ಇಲ್ಲ. ಬಯಲಿಗೆ ಬಂದಾಗ ಅವಳ ವ್ಯಾಯಾಮವನ್ನು ವ್ಯಾಯಾಮವೆಂದು ಗುರುತಿಸುವ ಚೌಕಟ್ಟು ನೋಡುವವರ ಕಣ್ಣಿನಲ್ಲಿ ಸಿದ್ಧವಾಗಿರಲಿಲ್ಲ. ಆದ್ದರಿಂದ ಅವಳ ಉಡುಪಿನ ಮಾತು ಬಂದಾಗ ಕೆಲಸ ಹಿಂದೆ ಸರಿದು ದೇಹವೊಂದೇ ಮುಂದೆ ನಿಲ್ಲುತ್ತದೆ.

ಇದರ ಪರಿಣಾಮ ಬರಿಯ ವಾಗ್ವಾದಕ್ಕೆ ನಿಲ್ಲುವುದಿಲ್ಲ. ಜಿಮ್‌ನ ಶುಲ್ಕ ತೆರಲಾಗದ ಮಹಿಳೆಗೆ ಉದ್ಯಾನವೊಂದೇ ವ್ಯಾಯಾಮದ ಆಸರೆ. ಜನರ ಮಾತಿಗೆ ಅಂಜಿ ಅವಳು ಬೆವರಿನಲ್ಲಿ ತೊಯ್ಯುವ ದಪ್ಪ ಬಟ್ಟೆಯಲ್ಲಿ ಓಡಬೇಕು, ಇಲ್ಲವೇ ಓಡುವುದನ್ನೇ ಬಿಡಬೇಕು. ‘ನೋಟ ಪರರಿಚ್ಛೆ’ ಎಂಬ ಗಾದೆಯಲ್ಲಿನ ಪರರು ಒಂದೇ ಊರಿನ, ಒಬ್ಬರನ್ನೊಬ್ಬರು ಬಲ್ಲ ಜನ. ಮಹಾನಗರದ ಉದ್ಯಾನದಲ್ಲಿ ಸೇರುವವರು ಹಲವು ಊರು, ಹಲವು ರೂಢಿಗಳವರು. ಅವರೆಲ್ಲರ ಇಚ್ಛೆಗೆ ಏಕಕಾಲಕ್ಕೆ ಹೊಂದುವ ಉಡುಪು ಯಾವುದೂ ಇರಲಾರದು. ಅಲ್ಲಿ ಉಡುವವರ ವಿವೇಕದಷ್ಟೇ ನೋಡುವವರ ಸಂಯಮವೂ ಹೊಸ್ತಿಲಿನ ಕೆಲಸ ಮಾಡಬೇಕಾಗುತ್ತದೆ. ಬಟ್ಟೆ ಬದಲಿಸುವ ಒಂದು ಕೋಣೆ, ವ್ಯಾಯಾಮಕ್ಕೆಂದೇ ಗುರುತಿಸಿದ ಒಂದು ಮೂಲೆ ಇಂಥ ಸರಳ ಏರ್ಪಾಡುಗಳೂ ಇದಕ್ಕೆ ನೆರವಾಗಬಲ್ಲವು.

ಗರಡಿಗಳ ಕುಸ್ತಿಪಟ್ಟುಗಳಷ್ಟೇ ಅಲ್ಲಿಯ ಉಡುಪಿನ ರೂಢಿಗಳೂ ಹಿರಿಯ ಪೈಲ್ವಾನರ ಬಾಯಿಂದ ದಾಖಲಾಗಬೇಕಾಗಿದೆ. ಅಂತೆಯೇ ಶಾಲಾ ಮೈದಾನ, ಯೋಗಶಾಲೆ, ಉದ್ಯಾನಗಳಲ್ಲಿ ಕನ್ನಡ ನಾಡಿನ ಸ್ತ್ರೀಯರು ಏನು ಧರಿಸಿ ಆಡಿದರು, ಓಡಿದರು, ಯಾವ ಮಾತುಗಳನ್ನು ಎದುರಿಸಿದರು ಎಂಬುದರ ಸಂಗ್ರಹವೂ ನಡೆಯಬೇಕು. ಆ ಸಾಮಗ್ರಿ ಒದಗಿದಾಗ ಈ ವಿಷಯವನ್ನು ವಿವಾದದ ಬಿಸಿಯಿಂದ ಬಿಡಿಸಿ ಸಾಮಾಜಿಕ ಚರಿತ್ರೆಯ ಭಾಗವಾಗಿ ಅಭ್ಯಸಿಸಲು ಸಾಧ್ಯವಾದೀತು.