ಸಣ್ಣ ಹಿಟಾಚಿ ಜರ್ಕ್ ಹೊಡೆದರೆ ಪಂಪ್ ಬಿಚ್ಚುವ ಮೊದಲು

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಈಗ ಅಗಳ ತೋಡಲಿಕ್ಕೆ, ಇಂಗುಗುಂಡಿ ತೆಗೆಯಲಿಕ್ಕೆ ಆಳು ಸಿಗುವುದು ಕಷ್ಟ. ದೊಡ್ಡ ಯಂತ್ರ ನಮ್ಮ ಬೇಣದ ದಾರಿಯಲ್ಲಿ ಹತ್ತುವುದಿಲ್ಲ. ಹಾಗಾಗಿ ಸಣ್ಣ ಯಂತ್ರಕ್ಕೆ ಬೇಡಿಕೆ. ಯಾವ ಕಂಪನಿಯದಾದರೂ ನಮ್ಮವರ ಬಾಯಲ್ಲಿ ಅದು 'ಸಣ್ಣ ಹಿಟಾಚಿ'ಯೇ. ನಾನೂ ಹಾಗೇ ಬರೆಯುತ್ತೇನೆ, ಕಂಪನಿಯ ಹೆಸರು ಅಂತ ತಿಳಿಯಬೇಡಿ.

ನನ್ನದು ನೀರಾವರಿ ಇಲ್ಲದ ಮಕ್ಕಿ ಗದ್ದೆ, ಒಂದಿಷ್ಟು ಗೇರು. ನಾವು ಮೂರು ಜನ ಸೇರಿ 2019ರಲ್ಲಿ ಒಂದು ಹಳೇ ಯಂತ್ರ ತಂದೆವು. ಹಳೇದು ಅಂದ ಮೇಲೆ ಅದರ ಮುಖ್ಯ ಕಾಯಿಲೆ ಜರ್ಕ್. ಲಿವರ್ ಮೆಲ್ಲ ಒತ್ತಿದರೆ ಏನೂ ಇಲ್ಲ, ಮತ್ತೆ ಗಕ್ಕನೆ ಬಕೆಟ್ ಇಳಿಯುತ್ತದೆ. ಬಯಲಲ್ಲಿ ಮಣ್ಣು ಎಳೆಯುವಾಗ ಇದು ಬರೀ ಕಿರಿಕಿರಿ. ಧರೆ ಬುಡದಲ್ಲಿ ಚಿರೆಕಲ್ಲು ಇಡುವವನು ಗುಂಡಿಯೊಳಗೆ ನಿಂತಿದ್ದಾಗ ಅದೇ ಜರ್ಕ್ ಅವನ ತಲೆಗೆ ಬರಬಹುದು. ಜರ್ಕ್ ಇರುವ ಯಂತ್ರದ ಹತ್ತಿರ ಆಳು ನಿಲ್ಲಿಸಲೇಬಾರದು.

ಮೊದಲು ನೋಡಬೇಕಾದ್ದು ಇಷ್ಟೇ: ಎಲ್ಲ ಕೆಲಸದಲ್ಲೂ ಜರ್ಕ್ ಇದೆಯೋ, ಒಂದರಲ್ಲಿ ಮಾತ್ರವೋ? ಬೂಮು, ಆರ್ಮು, ಬಕೆಟ್, ತಿರುಗುವುದು, ಚೈನು ಒಂದೊಂದನ್ನೂ ಬೇರೆ ಬೇರೆ ಆಡಿಸಿ ನೋಡಿ. ಎಲ್ಲದರಲ್ಲೂ ಇದ್ದರೆ ದೋಷ ಎಲ್ಲಕ್ಕೂ ಸೇರಿದ ಜಾಗದಲ್ಲಿದೆ. ಅಂದರೆ ಆಯಿಲ್, ಗಾಳಿ, ಫಿಲ್ಟರ್, ಪಂಪ್ ಅಥವಾ ಎಂಜಿನ್. ಎಂಜಿನ್ ಯಾಕೆ ಅಂದರೆ, ಡೀಸೆಲ್ ಫಿಲ್ಟರ್ ಕಟ್ಟಿದ್ದರೂ ಭಾರ ಬಿದ್ದಾಗ ಶಬ್ದ ಏರಿಳಿದು ಜರ್ಕ್ ಹಾಗೇ ಕಾಣುತ್ತದೆ. ಒಂದರಲ್ಲಿ ಮಾತ್ರ ಇದ್ದರೆ ಪಂಪಿನ ತಂಟೆಗೆ ಹೋಗುವುದೇ ಬೇಡ. ಇನ್ನೊಂದು, ಪಿನ್ನು-ಬುಶ್ ಸವೆದು ಲಡಬಡ ಆದರೂ ಬಕೆಟ್ ಹಾರಿದ ಹಾಗೆ ಕಾಣುತ್ತದೆ. ಅದು ಹೈಡ್ರಾಲಿಕ್ ದೋಷವೇ ಅಲ್ಲ.

ನಮ್ಮ ಯಂತ್ರಕ್ಕೆ ಎಲ್ಲದರಲ್ಲೂ ಜರ್ಕ್ ಇತ್ತು, ಪಂಪ್ ಗರಗರ ಅನ್ನುತ್ತಿತ್ತು. ಬಂದ ಮೆಕ್ಯಾನಿಕ್ ಅರ್ಧ ಗಳಿಗೆ ನೋಡಿ "ಪಂಪ್ ಹೋಯ್ತು, ಬದಲಾಯಿಸ್ಬೇಕು" ಅಂದ. ಅವನು ಹೇಳಿದ ಮೊತ್ತ ನನ್ನ ಎರಡು ವರ್ಷದ ಗೇರಿನ ದುಡ್ಡು. ಮಳೆ ಬರಲಿಕ್ಕೆ ತಿಂಗಳಿತ್ತು. "ಒಂದು ವಾರ ತಡಿ ಮಾರಾಯ" ಅಂತ ಕಳಿಸಿ, ನಾವೇ ಒಂದೊಂದಾಗಿ ನೋಡಿದೆವು.

ಆಯಿಲ್ ಟ್ಯಾಂಕಿನ ಬದಿಯಲ್ಲಿ ಗಾಜಿನ ಕಿಂಡಿ ಇರುತ್ತದೆ. ಮಟ್ಟ ನೋಡುವಾಗ ಬೂಮು-ಆರ್ಮು ಹೇಗೆ ಇಡಬೇಕು ಅಂತ ಸ್ಟಿಕ್ಕರಿನಲ್ಲೋ ಪುಸ್ತಕದಲ್ಲೋ ಚಿತ್ರ ಇದೆ, ಹಾಗೇ ಇಟ್ಟು ನೋಡಬೇಕು. ಜಾಕ್ ಚಾಚಿದ್ದರೆ ಆಯಿಲ್ ಅದರೊಳಗೆ ಹೋಗಿ ಟ್ಯಾಂಕಿನಲ್ಲಿ ಕಮ್ಮಿ ತೋರಿಸುತ್ತದೆ. ಆಯಿಲ್ ಮಜ್ಜಿಗೆಯ ಹಾಗೆ ಬಿಳಿಚಿದ್ದರೆ ನೀರು ಸೇರಿದೆ. ನೊರೆ ಬಂದಿದ್ದರೆ ಗಾಳಿ. ಅನುಮಾನ ಬಂದರೆ ಯಂತ್ರದಿಂದ ದೂರ ಕಾದ ತಗಡಿನ ಮೇಲೆ ಒಂದೇ ಹನಿ ಹಾಕಿ, ನೀರಿದ್ದರೆ ಚಟಚಟ ಅನ್ನುತ್ತದೆ. ನೀರು ಸೇರಿದ ಆಯಿಲನ್ನು ಬದಲಾಯಿಸದೆ ಉಪಾಯವಿಲ್ಲ. ನಮ್ಮದರಲ್ಲಿ ನೊರೆ ಇತ್ತು.

ಗಾಳಿ ಯಾಕೆ ಜರ್ಕ್ ಮಾಡುತ್ತದೆ? ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಸೈಕಲ್ ಪಂಪಿನ ಬಾಯಿ ಮುಚ್ಚಿ ಒತ್ತಿ ನೋಡಿ. ಲಿವರ್ ಒತ್ತಿದಾಗ ಮೊದಲು ಗಾಳಿ ಕುಗ್ಗುತ್ತದೆ, ಜಾಕ್ ಸುಮ್ಮನಿರುತ್ತದೆ, ಆಮೇಲೆ ಒಮ್ಮೆಲೇ ಹಾರುತ್ತದೆ. ಗಾಳಿ ಬರುವ ಜಾಗ ಹೆಚ್ಚಾಗಿ ಟ್ಯಾಂಕಿನಿಂದ ಪಂಪಿಗೆ ಹೋಗುವ ದಪ್ಪ ರಬ್ಬರ್ ಪೈಪ್. ಇಲ್ಲಿ ಆಯಿಲನ್ನು ಪಂಪ್ ಹೀರುತ್ತದೆ. ಪಪ್ಪಾಯಿ ದಂಟಿನಲ್ಲಿ ಎಳನೀರು ಹೀರುವಾಗ ದಂಟಿಗೆ ತೂತಿದ್ದರೆ ಎಳನೀರು ಸೋರುವುದಿಲ್ಲ, ಬಾಯಿಗೆ ಗಾಳಿ ಬರುತ್ತದೆ. ಇದೂ ಹಾಗೇ. ಹೊರಗೆ ಒಂದು ಹನಿ ಸೋರದೆ ಒಣಗಿಯೇ ಇರುತ್ತದೆ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಎಂಜಿನ್ ನಿಲ್ಲಿಸಿ ಆ ಪೈಪಿನ ಎರಡೂ ತುದಿಯ ಕ್ಲಿಪ್ಪಿನ ಸುತ್ತ ದಪ್ಪಕ್ಕೆ ಗ್ರೀಸ್ ಮೆತ್ತಿ, ಮತ್ತೆ ಚಾಲೂ ಮಾಡಿ ಕಿವಿಗೊಟ್ಟೆವು. ಟ್ಯಾಂಕ್ ಕಡೆಯ ತುದಿಗೆ ಮೆತ್ತಿದಾಗ ಗರಗರ ತಗ್ಗಿತು! ಕಡಲ ಗಾಳಿಗೆ ಕ್ಲಿಪ್ ತುಕ್ಕು ಹಿಡಿದು ಸಡಿಲಾಗಿತ್ತು, ರಬ್ಬರ್ ಬಿರಿದಿತ್ತು. ಹೊಸ ಪೈಪು, ಎರಡು ಕ್ಲಿಪ್ಪು, ಕಮ್ಮಿಯಾದಷ್ಟು ಆಯಿಲ್. ಪಂಪಿಗೆ ಏನೂ ಆಗಿರಲಿಲ್ಲ. ಟ್ಯಾಂಕಿನೊಳಗಿನ ಜರಡಿ ಕಟ್ಟಿದ್ದರೂ ಇದೇ ಶಬ್ದ ಬರುತ್ತದೆ, ಅದನ್ನೂ ತೆಗೆದು ತೊಳೆಯಿರಿ.

ಸರಿಪಡಿಸಿದ ಮೇಲೆ ಒಳಗೆ ಉಳಿದ ಗಾಳಿ ಹೊರಗೆ ಹೋಗಬೇಕು. ಎಂಜಿನ್ ನಿಧಾನದಲ್ಲಿಟ್ಟು ಒಂದೊಂದೇ ಜಾಕನ್ನು ಕೊನೆ ಮುಟ್ಟಿಸದೆ ನಾಲ್ಕೈದು ಸಲ ಮೆಲ್ಲ ಆಡಿಸಿ, ಆಮೇಲೆ ಪೂರ್ತಿ ಆಡಿಸಿ. ಸ್ವಲ್ಪ ಹೊತ್ತು ನಿಲ್ಲಿಸಿ ಮಟ್ಟ ಮತ್ತೆ ನೋಡಿ. ಆಯಿಲ್ ಪುಸ್ತಕದಲ್ಲಿ ಹೇಳಿದ ನಂಬರಿನದೇ ಬೇಕು. ಮನೆಯಲ್ಲಿ ಉಳಿದ ಡಬ್ಬಿಯದನ್ನೆಲ್ಲ ಸುರಿಯುವವರಿದ್ದಾರೆ, ಅದು ಬೇಡ.

ಇನ್ನು ಒಂದೇ ಕೆಲಸದಲ್ಲಿ ಜರ್ಕ್ ಇದ್ದರೆ. ತೀರ ಹಳೇ ಯಂತ್ರಗಳಲ್ಲಿ ಲಿವರಿನಿಂದ ಕಂಟ್ರೋಲ್ ವಾಲ್ವಿಗೆ ಸರಳೋ ಕೇಬಲ್ಲೋ ಇರುತ್ತದೆ. ಕೀಲಿಗೆ ಕೆಂಪು ಮಣ್ಣು, ತುಕ್ಕು ಸೇರಿ ಬಿಗಿಯುತ್ತದೆ. ಎಂಜಿನ್ ನಿಲ್ಲಿಸಿ ಸರಳನ್ನು ವಾಲ್ವಿನಿಂದ ಬಿಡಿಸಿ ಲಿವರ್ ಆಡಿಸಿ. ಬಿಗಿಯಿದ್ದರೆ ದೋಷ ಅಲ್ಲೇ, ಗ್ರೀಸಿಗೇ ಸರಿಯಾದೀತು. ಲಿವರ್ ಹಗುರ ಇದ್ದು ವಾಲ್ವಿನ ಸ್ಪೂಲ್ ತಾನಾಗಿ ಹಿಂದೆ ಬರದಿದ್ದರೆ ಸ್ಪೂಲ್ ಹಿಡಿದಿದೆ, ಅದು ತಿಳಿದವರ ಕೆಲಸ.

ಸ್ವಲ್ಪ ಹೊಸ ಮಾದರಿಯಲ್ಲಿ ಲಿವರಿನ ಕೆಳಗೇ ಸಣ್ಣ ಪೈಲಟ್ ವಾಲ್ವ್ ಇದ್ದು, ಸಪೂರ ಪೈಪಿನಲ್ಲಿ ಆಯಿಲ್ ಹೋಗಿ ಸ್ಪೂಲನ್ನು ತಳ್ಳುತ್ತದೆ. ಲಿವರಿನ ರಬ್ಬರ್ ಟೊಪ್ಪಿ ಹರಿದು ಮಳೆನೀರು ಇಳಿದರೆ ಈ ವಾಲ್ವ್ ತುಕ್ಕು ಹಿಡಿಯುತ್ತದೆ. ಬಕೆಟ್ ಜರ್ಕ್ ಹೊಡೆಯುತ್ತಿದೆ ಅಂತಿಟ್ಟುಕೊಳ್ಳಿ. ಬಕೆಟಿನ ಸಪೂರ ಪೈಪ್ ಎರಡನ್ನು ಸ್ಪೂಲ್ ಕಡೆಯಲ್ಲಿ ಆರ್ಮಿನ ಎರಡರ ಜೊತೆ ಅದಲುಬದಲು ಮಾಡಿ. ಈಗ ಬಕೆಟಿನ ಲಿವರಿಗೆ ಆರ್ಮ್ ಆಡುತ್ತದೆ. ಜರ್ಕ್ ಆರ್ಮಿಗೆ ಬಂದರೆ ದೋಷ ಲಿವರ್ ಕಡೆ. ಬಕೆಟಿನಲ್ಲೇ ಉಳಿದರೆ ಸ್ಪೂಲು ಅಥವಾ ಜಾಕ್ ಕಡೆ. ಪರೀಕ್ಷೆ ಮಾಡುವಾಗ ಲಿವರ್ ಉಲ್ಟಾ ಇರುವುದರಿಂದ ಹತ್ತಿರ ಯಾರೂ ಬೇಡ, ಮುಗಿದ ಕೂಡಲೇ ಮೊದಲಿನಂತೆ ಜೋಡಿಸಿ. ಪೈಲಟ್ ಸಾಲಿಗೆ ಬೇರೆಯೇ ಒಂದು ಸಣ್ಣ ಫಿಲ್ಟರ್ ಇರುತ್ತದೆ. ಅದನ್ನು ಬಹಳ ಜನ ಬದಲಾಯಿಸುವುದೇ ಇಲ್ಲ. ಅದು ಕಟ್ಟಿದರೆ ಲಿವರಿನ ಕೆಲಸವೆಲ್ಲ ಒಟ್ಟಿಗೆ ಮಂಕಾಗುತ್ತದೆ.

ಯಾವ ಪೈಪ್ ಬಿಚ್ಚುವ ಮುಂಚೆಯೂ ಬಕೆಟ್ ನೆಲಕ್ಕೆ ಊರಿ, ಎಂಜಿನ್ ನಿಲ್ಲಿಸಿ, ಕೀ ಆನ್ ಇಟ್ಟು ಲಿವರನ್ನು ನಾಲ್ಕೂ ಕಡೆ ಆಡಿಸಿ ಒತ್ತಡ ಇಳಿಸಿ. ಆಯಿಲ್ ತಣಿದ ಮೇಲೆ ಟ್ಯಾಂಕಿನ ಮುಚ್ಚಳ ಮೆಲ್ಲ ಸಡಿಲಿಸಿ. ಸೋರುವ ಜಾಗ ಹುಡುಕಲು ಕೈ ಹಾಕಲೇಬೇಡಿ, ರಟ್ಟು ಹಿಡಿಯಿರಿ. ಸೂಜಿಯಷ್ಟು ಸಪೂರ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೊದಲಿಗೆ ನೋವೂ ಇರುವುದಿಲ್ಲ, ಆದರೆ ಬೆರಳೇ ತೆಗೆಯಬೇಕಾಗಬಹುದು. ಹಾಗಾದರೆ ನೋವಿಲ್ಲ ಅಂತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ "ಒತ್ತಡದ ಎಣ್ಣೆ ಒಳಗೆ ಹೋಗಿದೆ" ಅಂತ ಹೇಳಬೇಕು. ಗೇಜ್ ಇಲ್ಲದೆ ರಿಲೀಫ್ ವಾಲ್ವಿನ ಸ್ಕ್ರೂ ತಿರುಗಿಸುವ ಚಾಳಿಯೂ ಬೇಡ.

ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಊರು ನಮ್ಮದು. ಜೂನ್‌ನಿಂದ ಯಂತ್ರ ನಿಂತೇ ಇದ್ದರೆ ಟ್ಯಾಂಕಿನ ಖಾಲಿ ಜಾಗದಲ್ಲಿ ತೇವ ಕಟ್ಟಿ ಆಯಿಲಿಗೆ ಇಳಿಯುತ್ತದೆ. ಮಟ್ಟದ ಗುರುತಿನವರೆಗೆ ಆಯಿಲ್ ಇರಲಿ. ಜಾಕಿನ ಹೊಳೆಯುವ ರಾಡನ್ನು ಆದಷ್ಟು ಒಳಗೆ ಎಳೆದಿಟ್ಟು, ಹೊರಗೆ ಉಳಿದ ಭಾಗಕ್ಕೆ ಗ್ರೀಸ್ ಸವರಿ. ಲಿವರಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿ. ಹದಿನೈದು ದಿನಕ್ಕೊಮ್ಮೆ ಬಿಸಿಲು ಕಂಡ ದಿನ ಗ್ರೀಸ್ ಒರೆಸಿ, ಚಾಲೂ ಮಾಡಿ ಎಲ್ಲ ಜಾಕ್ ಆಡಿಸಿ, ಮತ್ತೆ ಸವರಿ ಇಡಿ.