ನೆಕ್ಕರ್ ದಂಡೆಯಲ್ಲಿ ಸಾರು ಕುದಿಯುವಾಗ

ಡಿಸೆಂಬರಿನ ಶನಿವಾರ. ಸಂಜೆ ನಾಲ್ಕೂವರೆಗೆಲ್ಲ ಎಸ್ಲಿಂಗನ್ ಊರಿಗೆ ಕತ್ತಲು ಇಳಿದಿದೆ. ಗುಡ್ಡದ ಮೇಲಿನ ದ್ರಾಕ್ಷಿ ತೋಟಗಳಲ್ಲಿ ಒಂದು ಎಲೆಯೂ ಉಳಿದಿಲ್ಲ. ಕಡ್ಡಿಕಡ್ಡಿಯಾಗಿ ನಿಂತ ಬಳ್ಳಿಗಳ ಸಾಲಿನ ಮೇಲೆ ತೆಳುವಾಗಿ ಹಿಮ. ಕೆಳಗೆ ನೆಕ್ಕರ್ ನದಿ ಬೂದು ಬಣ್ಣಕ್ಕೆ ತಿರುಗಿ ಸದ್ದಿಲ್ಲದೆ ಹರಿಯುತ್ತಿದೆ. ಸ್ಟುಟ್‌ಗಾರ್ಟ್‌ನಿಂದ ಬಂದ ಲೋಕಲ್ ರೈಲಿನಿಂದ ಇಳಿದವರು ಕತ್ತನ್ನು ಕೋಟಿನೊಳಗೆ ಹುದುಗಿಸಿಕೊಂಡು, ಮಾತಿಲ್ಲದೆ ಮನೆಯ ಕಡೆ ನಡೆಯುತ್ತಾರೆ. ಅವರಲ್ಲಿ ನಾನೂ ಒಬ್ಬಳು. ನನ್ನ ಕೋಟಿನ ಒಳಜೇಬಿನಲ್ಲಿ ಒಂದು ಸಣ್ಣ ಕಟ್ಟು ಕರಿಬೇವು ಇದೆ. ಕೈಚೀಲದಲ್ಲಿಟ್ಟರೆ ಈ ಚಳಿಗೆ ಎಲೆ ಕಪ್ಪಾಗುತ್ತದೆ. ಅದಕ್ಕೇ ಎದೆಯ ಹತ್ತಿರ ಇಟ್ಟುಕೊಳ್ಳುತ್ತೇನೆ. ರೈಲಿನ ಬಿಸಿಗೆ ಅದು ನಿಧಾನವಾಗಿ ಪರಿಮಳ ಬಿಡಲು ಶುರುಮಾಡಿದಾಗ ಕಣ್ಣು ಮುಚ್ಚಿದರೆ ಸಾಕು, ತಿಪಟೂರಿನ ನಮ್ಮ ಮನೆಯ ಹಿತ್ತಲು, ಬಚ್ಚಲ ನೀರು ಹರಿಯುವ ಕಡೆ ಸೊಂಪಾಗಿ ಬೆಳೆದ ಆ ಗಿಡ, ಅದರ ಬುಡದಲ್ಲಿ ಮಲಗಿದ ನಾಯಿ, ಎಲ್ಲವೂ ಬರುತ್ತವೆ. ಅಲ್ಲಿ ಕರಿಬೇವನ್ನು ಯಾರೂ ದುಡ್ಡು ಕೊಟ್ಟು ತಂದದ್ದನ್ನು ನಾನು ನೋಡಿರಲಿಲ್ಲ. ಒಗ್ಗರಣೆ ಸೌಟು ಒಲೆಯ ಮೇಲಿಟ್ಟ ಮೇಲೆ "ಓಡು, ಎರಡು ಎಸಳು ಕಿತ್ಕೊಂಡು ಬಾ" ಎನ್ನುತ್ತಿದ್ದರು.

ಕರಿಬೇವು ಕೊಟ್ಟವರು ಸ್ಟುಟ್‌ಗಾರ್ಟ್‌ನ ಒಂದು ತಮಿಳು ಅಂಗಡಿಯ ಅಣ್ಣ. ಊರು ಜಾಫ್ನಾ. 1983ರ ಗಲಭೆಗಳ ನಂತರ ಶ್ರೀಲಂಕಾ ಬಿಟ್ಟು ಜರ್ಮನಿಗೆ ಬಂದ ಸಾವಿರಾರು ತಮಿಳರಲ್ಲಿ ಅವರೂ ಒಬ್ಬರು. ಈ ದೇಶದಲ್ಲಿ ನನ್ನಂಥವರಿಗೆ ಇವತ್ತು ನುಗ್ಗೆಕಾಯಿ, ತುರಿದು ಫ್ರೀಜ್ ಮಾಡಿದ ತೆಂಗಿನಕಾಯಿ, ಸಣ್ಣ ಈರುಳ್ಳಿ, ಇಡ್ಲಿ ಅಕ್ಕಿ ಸಿಗುತ್ತಿದ್ದರೆ ಅದರ ಹಿಂದೆ ಇರುವುದು ಐಟಿಯವರಲ್ಲ. ಮನೆ ಸುಟ್ಟುಕೊಂಡು ಬಂದು, ಹೊಸ ನೆಲದಲ್ಲಿ ಮೊದಲು ಅಂಗಡಿ ತೆರೆದ ಈ ಜನ. ಅರ್ಧ ತಮಿಳು, ಅರ್ಧ ಜರ್ಮನ್‌ನಲ್ಲಿ ನಮ್ಮ ಮಾತು ನಡೆಯುತ್ತದೆ. ಒಮ್ಮೆ ನಾನು "ಊರಿಗೆ ಹೋಗಿ ಒಂದು ವರ್ಷವಾಯ್ತು ಅಣ್ಣಾ, ತಡೆಯಲಾಗುತ್ತಿಲ್ಲ" ಎಂದೆ. ಅವರು ತೂಕದ ತಟ್ಟೆಯಿಂದ ಕಣ್ಣೆತ್ತದೆ ಹೇಳಿದರು: "ನಾನು ಬಂದ ಮೇಲೆ ಇಪ್ಪತ್ತೆರಡು ವರ್ಷ ಹೋಗಲಾಗಲಿಲ್ಲಮ್ಮ. ಅಮ್ಮ ಹೋದದ್ದೂ ಫೋನಿನಲ್ಲೇ ಕೇಳಿದ್ದು." ಆಮೇಲೆ ಅವರ ಮುಂದೆ ನಾನು ವರ್ಷದ ಲೆಕ್ಕ ಹೇಳಿಲ್ಲ. ಮನಸ್ಸು ಬಂದಾಗ ವಿಮಾನದ ಟಿಕೆಟ್ ತೆಗೆಯಬಲ್ಲವಳ ಊರ ಹಂಬಲವೂ, ಮರಳಿ ಹೋಗಲು ಮನೆಯೇ ಉಳಿಯದವನ ಹಂಬಲವೂ ಒಂದೇ ತಕ್ಕಡಿಗೆ ಹಾಕುವಂಥವಲ್ಲ.

ಮನೆಗೆ ಬಂದವಳೇ ಮಿಕ್ಸಿ ಜೋಡಿಸುತ್ತೇನೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಇಲ್ಲಿ ಮೌನದ ಹೊತ್ತು, ಭಾನುವಾರವಂತೂ ಇಡೀ ದಿನ. ನಾಳೆಯ ಇಡ್ಲಿಗೆ ಹಿಟ್ಟಷ್ಟೇ ಅಲ್ಲ, ಚಟ್ನಿಯೂ ಇವತ್ತೇ ಆಗಬೇಕು. ನಮ್ಮೂರಿನಲ್ಲಿ ಭಾನುವಾರದ ಬೆಳಗು ಎಂದರೆ ಸದ್ದುಗಳ ಬೆಳಗು: ಪಕ್ಕದ ಮನೆಯ ಕುಕ್ಕರ್ ಸೀಟಿ, ಎದುರು ಮನೆಯಲ್ಲಿ ಕಾಯಿ ಒಡೆಯುವ ಶಬ್ದ, ಸೊಪ್ಪಿನವಳ ಕೂಗು. ಇಲ್ಲಿನ ಭಾನುವಾರದ ಬೆಳಗು ಗಾಜಿನ ಪೆಟ್ಟಿಗೆಯಲ್ಲಿಟ್ಟಂತಿರುತ್ತದೆ. ಮೊದಲ ವರ್ಷ ನನ್ನನ್ನು ಹೆಚ್ಚು ಕಾಡಿದ್ದು ಚಳಿಯಲ್ಲ, ಆ ನಿಶ್ಶಬ್ದ.

ಹಿಟ್ಟಿಗೂ ಈ ಊರಿನ ಹವೆ ಒಗ್ಗಲಿಲ್ಲ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾಕ್ಕೆ ಮೂವತ್ತು ಡಿಗ್ರಿಯ ಆಸುಪಾಸಿನ ಕಾವು ಬೇಕು. ನನ್ನ ಅಡುಗೆಮನೆಯಲ್ಲಿ ಚಳಿಗಾಲದ ರಾತ್ರಿ ಹದಿನೆಂಟು ಇದ್ದರೆ ಹೆಚ್ಚು. ಬೆಳಿಗ್ಗೆ ಮುಚ್ಚಳ ತೆರೆದರೆ ಹಿಟ್ಟು ಹಾಕಿದಲ್ಲೇ ಕುಳಿತಿರುತ್ತಿತ್ತು. 1025ರ ಸುಮಾರಿನ 'ಲೋಕೋಪಕಾರ'ದಲ್ಲಿ ಚಾವುಂಡರಾಯ ಹೇಳುವ ಇಡ್ಡಲಿಗೆಯಲ್ಲಿ ಅಕ್ಕಿಯಿಲ್ಲ, ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುತ್ತಾರೆ. ಅದನ್ನು ನೆನೆದು ಇಲ್ಲಿನ ಮಜ್ಜಿಗೆ ಸೇರಿಸಿ ನೋಡಿದೆ. ಹುಳಿ ಬಂತು, ಉಬ್ಬಲಿಲ್ಲ. ಕೊನೆಗೆ ಉಪಾಯ ಹೇಳಿದವಳು ಮ್ಯೂನಿಕ್‌ನಲ್ಲಿರುವ ಗೆಳತಿ: ಓವನ್ ಉರಿಸದೆ ಒಳಗಿನ ದೀಪ ಮಾತ್ರ ಹಚ್ಚಿ, ಪಾತ್ರೆಯನ್ನು ಒಳಗಿಟ್ಟು ಬಾಗಿಲು ಹಾಕು. ಆ ಪುಟ್ಟ ದೀಪದ ಕಾವೇ ಸಾಕು. ಅಂದಿನಿಂದ ಶನಿವಾರದ ರಾತ್ರಿ ನನ್ನ ಕತ್ತಲ ಅಡುಗೆಮನೆಯಲ್ಲಿ ಓವನ್ನಿನ ಹಳದಿ ಬೆಳಕೊಂದು ನಂದಾದೀಪದಂತೆ ಉರಿಯುತ್ತಿರುತ್ತದೆ.

ಊರಿನಿಂದ ಏನು ತರಬಹುದು, ಏನು ತರಬಾರದು ಎಂಬುದು ಬೇರೆಯದೇ ಪಾಠ. ಹಾಲಿನ ಪದಾರ್ಥವನ್ನು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಹಾಗಾಗಿ ಧಾರವಾಡ ಪೇಡ, ಬೆಳಗಾವಿ ಕುಂದ, ಅಮ್ಮ ಕಾಯಿಸಿದ ತುಪ್ಪ ಎಲ್ಲ ಅಲ್ಲೇ ಉಳಿಯುತ್ತವೆ. ಪ್ರಮಾಣಪತ್ರವಿಲ್ಲದ ಕರಿಬೇವು, ವೀಳ್ಯದೆಲೆಗೂ ಪ್ರವೇಶವಿಲ್ಲ. ತಿಪಟೂರಿನವಳಾದ ನಾನು ಕೊಬ್ಬರಿಯನ್ನೂ ತರುವಂತಿಲ್ಲ, ಎಣ್ಣೆಯಂಶ ಹೆಚ್ಚಿರುವುದರಿಂದ ಬೆಂಕಿಯ ಭಯವೆಂದು ವಿಮಾನಕ್ಕೆ ಹತ್ತಿಸುವುದಿಲ್ಲ. ಆದರೆ ಪ್ರಮಾಣಪತ್ರ ಕೇಳದೆ ಒಳಗೆ ಬಿಡುವ ಹಣ್ಣುಗಳೆಂದು ಒಕ್ಕೂಟದವರು ಐದನ್ನು ಹೆಸರಿಸಿದ್ದಾರೆ: ಅನಾನಸ್, ಬಾಳೆ, ಖರ್ಜೂರ, ಡುರಿಯನ್ ಮತ್ತು ತೆಂಗು. ಆ ಪಟ್ಟಿಯ ಕೊನೆಯ ಹೆಸರು ಓದಿದ ದಿನ ನನಗೆ ಆದ ಸಂತೋಷ ತೆಂಗಿನ ಸೀಮೆಯವರಿಗಷ್ಟೇ ಅರ್ಥವಾದೀತು. ಪ್ರತಿ ಸಲವೂ ಎರಡು ಕಾಯಿ ಬಟ್ಟೆಗಳ ನಡುವೆ ಮಲಗಿ ಬರುತ್ತವೆ.

ತುಪ್ಪ ಮಾತ್ರ ಇಲ್ಲೇ ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಇಲ್ಲಿ ಹುಳಿ ಬರಿಸಿದ ಕೆನೆಯಿಂದ ತೆಗೆದ ಬೆಣ್ಣೆ ಸಿಗುತ್ತದೆ. ನಮ್ಮಲ್ಲಿ ಮೊಸರು ಕಡೆದು ತೆಗೆಯುವ ಬೆಣ್ಣೆಗೆ ಅದು ಹತ್ತಿರದ ನೆಂಟ. ಇನ್ನೂರೈವತ್ತು ಗ್ರಾಂನ ನಾಲ್ಕು ಕಟ್ಟು ಸಣ್ಣ ಉರಿಯಲ್ಲಿಟ್ಟು, ಸದ್ದು ನಿಂತು ತಳದಲ್ಲಿ ಗಸಿ ಕೆಂಪಾಗುವ ಹೊತ್ತಿಗೆ ಒಂದು ಹಿಡಿ ನುಗ್ಗೆಸೊಪ್ಪು ಹಾಕಿದರೆ, ಮೆಟ್ಟಿಲ ತನಕ ಘಮ.

ಆದರೂ ನನ್ನ ಮನೆ ನನಗೆ ಸಿಗುವುದು ಇಡ್ಲಿಯಲ್ಲೂ ಅಲ್ಲ, ತುಪ್ಪದಲ್ಲೂ ಅಲ್ಲ. ಸಾರಿನಲ್ಲಿ. ಜ್ವರ ಬಂದ ದಿನ, ಕೆಲಸದಲ್ಲಿ ಮಾತು ಕೇಳಿಸಿಕೊಂಡ ದಿನ, ಮೂರು ವಾರ ಸೂರ್ಯ ಕಾಣದ ದಿನ ಬೇಕೆನಿಸುವುದು ಒಂದು ಲೋಟ ತಿಳಿಸಾರು. ಮೊದಲ ಚಳಿಗಾಲದಲ್ಲಿ ಅಮ್ಮ ಕೊಟ್ಟಿದ್ದ ಪುಡಿ ಫೆಬ್ರವರಿಗೇ ಮುಗಿಯಿತು. ಫೋನ್ ಮಾಡಿದೆ.

"ಅಮ್ಮ, ಕೊತ್ತಂಬರಿ ಬೀಜ ಎಷ್ಟು?"

"ಒಂದು ಪಾವು."

"ಪಾವು ಅಂದ್ರೆ ಎಷ್ಟು ಗ್ರಾಂ?"

"ಪಾವು ಅಂದ್ರೆ ಪಾವೇ ಕಣೇ. ಅಕ್ಕಿ ಡಬ್ಬಿಯೊಳಗೆ ಹಿತ್ತಾಳೆದು ಇರುತ್ತಲ್ಲ, ಅದು."

"ಬ್ಯಾಡಗಿ ಮೆಣಸಿನಕಾಯಿ?"

"ಎರಡು ಬೊಗಸೆ. ಜೀರಿಗೆ ಕಾಲು ಪಾವು, ಮೆಂತ್ಯ ಒಂದು ಚಮಚ. ಕಾಳುಮೆಣಸು ಮಾತ್ರ ಕೈಬಿಟ್ಟು ಹಾಕು, ಒಂದು ಹಿಡಿ."

"ಹಿಡಿ ಜಾಸ್ತಿಯಾಗಲ್ವಾ? ಇಲ್ಲಿ ಸ್ನೇಹಿತರ ಮನೆಗಳಲ್ಲಿ ಅಷ್ಟು ಹಾಕಲ್ಲ."

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮಜ್ಜಿನೂ ಇದನ್ನೇ ಅಂತಿದ್ರು. ನಿನ್ನ ಅಪ್ಪನ ಮನೇಲಿ ಮೆಣಸು ಕಮ್ಮಿ. ಅದು ನನ್ನ ತವರಿನ ಅಳತೆ ಕಣೇ" ಎಂದಳು.

ಅಮ್ಮ ತೀರ್ಥಹಳ್ಳಿ ಕಡೆಯವಳು. ಮದುವೆಯಾಗಿ ತಿಪಟೂರಿಗೆ ಬಂದಾಗ ಇಪ್ಪತ್ತು ವರ್ಷ. ಆ ರಾತ್ರಿ ಫೋನಿನಲ್ಲಿ, ಅದುವರೆಗೆ ನಾನು ಕೇಳಿಯೇ ಇರದಿದ್ದ ಸಂಗತಿಗಳನ್ನು ಹೇಳಿದಳು. ಬಂದ ಹೊಸತರಲ್ಲಿ ಮೂರು ತಿಂಗಳು ಊಟ ಸೇರಲಿಲ್ಲವಂತೆ. ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೊಲದ ಬದಿಯಲ್ಲಿ ಒಂದೆಲಗ ಕಂಡಂತಾಗಿ ಬಗ್ಗಿ ನೋಡಿದರೆ ಬೇರೆ ಏನೋ ಸೊಪ್ಪು. ಅಲ್ಲೇ ಕೂತು ಅತ್ತಳಂತೆ. ತಂಬುಳಿ, ಕಳಲೆ, ಪತ್ರೊಡೆ ಇವುಗಳ ಹೆಸರೆತ್ತಿದರೆ ಮನೆಯಲ್ಲಿ "ನಮ್ಮ ಅಡುಗೆ ರುಚಿಸಲ್ವೇನೋ" ಎಂದುಕೊಂಡಾರು ಎಂದು ಬಾಯಿ ಬಿಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ತಾತ ಬಸ್ಸಿನಲ್ಲಿ ಭರಣಿ ಹಿಡಿದು ಬರುತ್ತಿದ್ದರು, ಅಪ್ಪೆಮಿಡಿ ಉಪ್ಪಿನಕಾಯಿ. ಜೊತೆಗೆ ಒಂದು ಗಂಟು ಕಾಳುಮೆಣಸು. "ಆ ಮೆಣಸನ್ನ ಸಾರಿನ ಪುಡಿಗೆ ಸೇರಿಸ್ದೆ. ಮೊದಲು ಯಾರಿಗೂ ಹೇಳ್ಲಿಲ್ಲ. ಎರಡು ವರ್ಷ ಆದ್ಮೇಲೆ ನಿಮ್ಮಜ್ಜಿನೇ ಕೇಳೋಕೆ ಶುರು ಮಾಡಿದ್ರು, ಈ ಸಲ ಮೆಣಸು ಯಾಕೆ ಕಮ್ಮಿ ಅಂತ."

ನಾನು ಹುಟ್ಟಿದಂದಿನಿಂದ ಉಂಡು, ಏಳು ಸಾವಿರ ಕಿಲೋಮೀಟರಿಗೂ ಆಚೆ ಕೂತು 'ನಮ್ಮ ಮನೆಯ ರುಚಿ' ಎಂದು ಹಂಬಲಿಸುವ ಸಾರು, ಊರು ಬಿಟ್ಟು ಬಂದ ಒಬ್ಬ ಹುಡುಗಿ ಸಂಕಟದಲ್ಲಿ ಕಟ್ಟಿಕೊಂಡದ್ದು. ತೀರ್ಥಹಳ್ಳಿಯ ಮೆಣಸು, ತಿಪಟೂರಿನ ಕಾಯಿ. ನನಗಾದರೋ ವಿಡಿಯೊ ಕರೆ ಇದೆ, ವರ್ಷಕ್ಕೊಂದು ವಿಮಾನ ಇದೆ. ಅವಳಿಗಿದ್ದದ್ದು ಒಂದು ಗಂಟು ಮೆಣಸು. ಒಂದು ದಿನದ ಬಸ್ ದಾರಿ ಎಂದು ಅವಳ ದೂರವನ್ನು ಯಾರೂ ದೂರ ಎಂದು ಎಣಿಸಲೇ ಇಲ್ಲ.

ಮನೆ ಬಿಟ್ಟವರ ಈ ನೋವಿಗೆ ಜರ್ಮನ್ನರಲ್ಲಿ 'ಹೈಮ್‌ವೇ' ಎಂಬ ಪದವಿದೆ. ಇಲ್ಲಿಂದ ರೈಲಿನಲ್ಲಿ ಕೆಲವೇ ಗಂಟೆಯ ದಾರಿಯ ಬಾಸೆಲ್‌ನಲ್ಲಿ 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಅದನ್ನೊಂದು ಕಾಯಿಲೆಯೆಂದೇ ಪ್ರಬಂಧ ಬರೆದ. ಮನೆಗೆ ಮರಳುವುದು, ನೋವು ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ 'ನೊಸ್ಟಾಲ್ಜಿಯಾ' ಎಂದು ಹೆಸರಿಟ್ಟ. ರೋಗಿಯನ್ನು ಊರಿಗೆ ಕಳಿಸುವುದೇ ಅವನು ಕಂಡ ಉತ್ತಮ ಮದ್ದು. ನಂತರದ ದಿನಗಳಲ್ಲಿ ಪರದೇಶಗಳಲ್ಲಿ ದುಡಿಯುತ್ತಿದ್ದ ಸ್ವಿಸ್ ಸೈನಿಕರ ಕಾಯಿಲೆಯೆಂದು ಅದು ಹೆಸರಾಯಿತು. ಗಂಡಸರಿಗೆ ಬಂದಾಗ ಕಾಯಿಲೆ. ನಮ್ಮಲ್ಲಿ ಅದೇ ನೋವಿಗೆ 'ತವರು' ಎಂಬ ಮೂರಕ್ಷರ ಸಾಕು, ಅದನ್ನು ಉಂಡವರು ಮನೆಮನೆಯ ಹೆಣ್ಣುಮಕ್ಕಳು.

ಕೆಳಮನೆಯ ಅಜ್ಜಿಗೂ ಆ ಪದ ಗೊತ್ತಿತ್ತು. ಮೊದಲ ಸಲ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ ದಿನ ಹಜಾರದ ಹೊಗೆ ಗಂಟೆ ಕೂಗಿಕೊಂಡಿತು. ಕಿಟಕಿಗಳನ್ನೆಲ್ಲ ತೆರೆದು ನಡುಗುತ್ತ ನಿಂತಿದ್ದೆ. ಅಜ್ಜಿ ಮೆಟ್ಟಿಲು ಹತ್ತಿ ಬಂದರು. ದೂರು ಹೇಳುತ್ತಾರೆಂದುಕೊಂಡೆ. ಅವರು ನನ್ನ ಮುಖ ನೋಡಿ, ಒಂದೇ ಮಾತು ಕೇಳಿದರು: "ಹೈಮ್‌ವೇ?" ಮುಂದಿನ ವಾರ ನಮ್ಮ ಮಹಡಿಯ ಮೆಟ್ಟಿಲು ಗುಡಿಸುವ ಸರದಿ ನನ್ನದು. ಈ ಶ್ವಾಬಿಯಾ ಸೀಮೆಯಲ್ಲಿ ವಾರಕ್ಕೊಬ್ಬರಂತೆ ಮೆಟ್ಟಿಲು ಗುಡಿಸಬೇಕು, ಸರದಿ ಬಂದವರ ಬಾಗಿಲಿಗೆ ಒಂದು ಹಲಗೆ ನೇತುಹಾಕುತ್ತಾರೆ. ಪೊರಕೆ ಹಿಡಿದು ಹೊರಬಂದರೆ ಆ ಹಲಗೆಯ ಕೆಳಗೆ ಒಂದು ಮುಚ್ಚಿದ ಪಾತ್ರೆ, ಮೇಲೊಂದು ಚೀಟಿ: ಮಾಂಸ ಹಾಕಿಲ್ಲ.

ಒಳಗಿದ್ದದ್ದು ಇಲ್ಲಿನವರ ಮನೆ ಅಡುಗೆ, ಇಡೀ ಮಸೂರ ಕಾಳು ಬೇಯಿಸಿ ವಿನೆಗರ್‌ನಿಂದ ಹುಳಿ ಕೊಟ್ಟದ್ದು. ಜೊತೆಗೆ ಶಾವಿಗೆಯನ್ನು ಮುರಿದು ಹಾಕಿದಂಥ ಸ್ಪೆಟ್ಸ್‌ಲೆ. ಮೊದಲ ತುತ್ತಿಗೇ ಗುರುತು ಸಿಕ್ಕಿತು. ಇದು ಹುಳಿ! ಹುಣಸೆಯ ಜಾಗದಲ್ಲಿ ವಿನೆಗರ್, ಅಷ್ಟೇ ವ್ಯತ್ಯಾಸ. ಪಾತ್ರೆ ತುಂಬಿಸಿ ಸಾರು ಹಿಂತಿರುಗಿಸಿದಾಗ ಅಜ್ಜಿ ಆ ಕಾಳಿನ ಕಥೆ ಹೇಳಿದರು. ಅವರು ಹುಟ್ಟಿದ ಆಲ್ಬ್ ಬೆಟ್ಟದ ಹಳ್ಳಿಗಳಲ್ಲಿ ಹಿಂದೆ ಕಲ್ಲುನೆಲದ ಹೊಲಗಳಲ್ಲೆಲ್ಲ ಮಸೂರವಂತೆ. ಯುದ್ಧದ ನಂತರದ ವರ್ಷಗಳಲ್ಲಿ ಬೆಳೆಯುವವರಿಲ್ಲದೆ ನಿಂತುಹೋಯಿತು. ಆ ನಾಡತಳಿಗಳ ಬೀಜವೇ ಇಲ್ಲವಾಯಿತು ಎಂದುಕೊಂಡಿದ್ದಾಗ, 2006ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ವಾವಿಲೋವ್ ಸಂಸ್ಥೆಯ ಬೀಜಭಂಡಾರದಲ್ಲಿ ಅವು ಸಿಕ್ಕವು. ಈಗ ಅದೇ ಬೆಟ್ಟದ ಮೇಲೆ ಮತ್ತೆ ಬೆಳೆಯುತ್ತಿದ್ದಾರೆ. "ನಾನು ಎಲ್ಲಿಗೂ ಹೋಗಲಿಲ್ಲ, ನನ್ನ ಕಾಳೇ ನನ್ನನ್ನು ಬಿಟ್ಟು ಹೋಗಿತ್ತು" ಎಂದರು ಅಜ್ಜಿ.

ಎಸ್ಲಿಂಗನ್ನಿನ ಹಳೆಯ ಬೀದಿಗಳಲ್ಲಿ ನಡೆಯುವಾಗ ನನಗೆ ಇನ್ನೊಬ್ಬರ ನೆನಪಾಗುತ್ತದೆ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಇದೇ ಸೀಮೆಯವರು. ಈ ಊರಿನಲ್ಲೇ 1881ರಲ್ಲಿ ತೀರಿಕೊಂಡರು. ಕನ್ನಡದ ನಿಘಂಟು ಕೊಟ್ಟ ಕಿಟೆಲ್ ಕೊನೆಯುಸಿರೆಳೆದದ್ದು ಹತ್ತಿರದ ಟ್ಯೂಬಿಂಗನ್‌ನಲ್ಲಿ, 1903ರಲ್ಲಿ. ಈ ಚಳಿಯಲ್ಲಿ ಕನ್ನಡದ ಮಾತು ನನಗಿಂತ ಬಹಳ ಮೊದಲೇ ಮನೆ ಮಾಡಿತ್ತು ಎಂಬುದು ನನಗೊಂದು ಸಮಾಧಾನ.

ಭಾನುವಾರ ಬೆಳಿಗ್ಗೆ ಎಂಟು. ಹೊರಗಿನ್ನೂ ಮಬ್ಬು. ಓವನ್ ಬಾಗಿಲು ತೆರೆದರೆ ಹಿಟ್ಟು ಪಾತ್ರೆಯ ಅಂಚಿಗೆ ಬಂದು ಮುಚ್ಚಳವನ್ನು ತುಸು ಎತ್ತಿದೆ. ಊರಿನಲ್ಲಿ ಆಗ ಹನ್ನೆರಡೂವರೆ, ಅಮ್ಮ ಅಡುಗೆಮನೆಯಲ್ಲೇ ಇರುತ್ತಾಳೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಇಡ್ಲಿ ತಟ್ಟೆಗೆ ಎಣ್ಣೆ ಸವರುತ್ತೇನೆ. ಆ ಕಡೆಯಿಂದ ಕುಕ್ಕರ್ ಕೂಗುತ್ತದೆ, ಈ ಕಡೆ ಸಾರು ಮರಳುತ್ತದೆ. "ಇನ್ನೊಂದು ಕುದಿ ಬರಲಿ, ಆಮೇಲೆ ಇಳಿಸು" ಎನ್ನುತ್ತಾಳೆ, ಸದ್ದು ಕೇಳಿಯೇ. ಮೊದಲ ಒಬ್ಬೆಯ ಎರಡು ಇಡ್ಲಿ ಕೆಳಮನೆಗೆ ಹೋಗುತ್ತವೆ.

ಈ ಸಲ ಊರಿನಿಂದ ಬರುವಾಗ ಅಮ್ಮ ಆ ಹಿತ್ತಾಳೆಯ ಪಾವನ್ನೇ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟಳು. ಬಂದ ಮರುದಿನವೇ ತಕ್ಕಡಿಯ ಮೇಲಿಟ್ಟು ನೋಡಿದೆ: ನಮ್ಮ ಮನೆಯ ಒಂದು ಪಾವು ಕೊತ್ತಂಬರಿ ಬೀಜ 78 ಗ್ರಾಂ. ಬರೆದಿಟ್ಟುಕೊಂಡಿದ್ದೇನೆ. ನಿಮ್ಮ ಮನೆಯದು ಎಷ್ಟೆಂದು ಈ ವಾರವೇ ಅಮ್ಮನನ್ನು ಕೇಳಿ. ಜೊತೆಗೆ, ಅವರ ತವರಿನಲ್ಲಿ ಆ ಸಾರು ಹೇಗಿತ್ತೆಂದೂ ಕೇಳಿ.